ಹಾಲಪ್ಪನ ಕೈಗುಣ

ಟಿಣ್ ಎಂದು ಮೊದಲು ಒಂದು ಫೋನು. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರದಿಂದ ಇನ್ನೊಂದು. ಆಮೇಲೆ ಬೆಂಚಿನ ಉದ್ದಕ್ಕೂ ಒಂದರ ಹಿಂದೆ ಒಂದು. ಸೆರಗಿನ ಗಂಟಿನೊಳಗಿಂದ, ತರಕಾರಿ ಚೀಲದೊಳಗಿಂದ, ಒಬ್ಬಾಕೆಯ ಕುಪ್ಪಸದೊಳಗಿಂದಲೂ. "ಬಿತ್ತು ನೋಡ್ರೇ, ಬಿತ್ತು!" ಎಂದು ಯಾರೋ ಕೂಗಿದರೆ, ಓದು ಬಾರದವರು ತಮ್ಮ ಫೋನನ್ನು ಪಕ್ಕದವರ ಮೂಗಿನ ಹತ್ತಿರ ಹಿಡಿದು "ನಂದೂ ಬಿತ್ತಾ ನೋಡವ್ವಾ" ಎನ್ನುತ್ತಿದ್ದರು. ಗೃಹಲಕ್ಷ್ಮಿ ಹಣ ಖಾತೆಗೆ ಬರುವ ದಿನ ಹರಿಹರದ ನಮ್ಮ ಸೆಂಟರ್ ಹೀಗಿರುತ್ತಿತ್ತು. ಈಗಲೂ ಯಾರದಾದರೂ ಫೋನು ಹಾಗೆ ಸದ್ದು ಮಾಡಿದರೆ ನನಗೆ ಆ ಬೆಂಚು ನೆನಪಾಗುತ್ತದೆ.

ಅದು 2024. ನಾನು ಬ್ಯಾಂಕಿನಲ್ಲಿ ಆಫೀಸರ್ ಆಗಿ ರಿಟೈರ್ ಆದವಳು. ಮನೆಯಲ್ಲಿ ಕೂತು ಟೀವಿ ನೋಡುವ ಟೆಂಪರಮೆಂಟ್ ನನ್ನದಲ್ಲ. ಹಾಗಾಗಿ ಬ್ಯಾಂಕಿನವರು ಜನರಿಗೆ ಹಣಕಾಸಿನ ವಿಷಯ ತಿಳಿಸಿಕೊಡಲು ನಡೆಸುತ್ತಿದ್ದ ಒಂದು ಪುಟ್ಟ ಸಲಹಾ ಕೇಂದ್ರದಲ್ಲಿ ಕೌನ್ಸೆಲರ್ ಆಗಿ ಸೇರಿಕೊಂಡೆ. ದಾವಣಗೆರೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಹರಿಹರಕ್ಕೆ ಬರುವುದು, ಸಂಜೆ ಹಿಂತಿರುಗುವುದು. ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ವಿಧವಾ ವೇತನ ಮನಿ ಆರ್ಡರ್ ಮೂಲಕ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಕೈಯಿಂದ ಮಗನ ಕೈಗೆ, ಮಗನ ಕೈಯಿಂದ, ಉಳಿದರೆ, ತಾಯಿಯ ಕೈಗೆ. ಈಗ ಸರಕಾರದಿಂದ ನೇರ ಖಾತೆಗೆ. ಇದಕ್ಕೆ ಡಿಬಿಟಿ ಎನ್ನುತ್ತಾರೆ; ಡೈರೆಕ್ಟ್ ಬೆನಿಫಿಟ್ ಟ್ರಾನ್ಸ್‌ಫರ್. ಗೃಹಲಕ್ಷ್ಮಿಯಲ್ಲಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಹೆಂಗಸಿಗೆ ತಿಂಗಳಿಗೆ ಎರಡು ಸಾವಿರ. ಒಂದೇ ಷರತ್ತು: ಆಕೆಯಾಗಲಿ ಆಕೆಯ ಗಂಡನಾಗಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುವವರೋ, ಜಿಎಸ್‌ಟಿ ರಿಟರ್ನ್ಸ್ ಹಾಕುವ ವ್ಯಾಪಾರಸ್ಥರೋ ಆಗಿರಬಾರದು. ಫೇರ್ ಎನಫ್, ಎಂದುಕೊಂಡಿದ್ದೆ. ಉಳ್ಳವರಿಗೆ ಯಾಕೆ ಕೊಡಬೇಕು?

ರೇಣುಕಮ್ಮನ ಫೋನು ಮಾತ್ರ ಟಿಣ್ ಎನ್ನುತ್ತಿರಲಿಲ್ಲ. ಅವಳು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಹರಿಹರದಿಂದ ಗಂಡ ಹೆಂಡತಿ ಇಬ್ಬರೂ ಬೆಳಗಿನ ರೈಲಿಗೆ ಹೋಗುತ್ತಿದ್ದರು. ಅವಳು ಭಟ್ಟಿಗೆ, ಗಂಡ ಹಾಲಪ್ಪ ಮಂಡಿಪೇಟೆಗೆ ಹಮಾಲಿ ಕೆಲಸಕ್ಕೆ. ಭಟ್ಟಿಯ ಹೊಗೆ ಕುಡಿದು ಕುಡಿದು ರೇಣುಕಮ್ಮನಿಗೆ ಉಬ್ಬಸ. ನಮ್ಮ ಸೆಂಟರಿನ ಮೆಟ್ಟಿಲು ಹತ್ತಿ ಬಂದರೆ ಅವಳಿಗೆ ಮಾತು ಶುರುಮಾಡಲು ಸ್ವಲ್ಪ ಹೊತ್ತು ಬೇಕಿತ್ತು.

"ಡಾಕ್ಟರು ಭಟ್ಟಿ ಬಿಡು ಅಂತಾರ್ರಿ ಮೇಡಮ್ಮಾರೆ. ಬಿಟ್ರೆ ಉಣ್ಣೋದು ಹೆಂಗೆ? ಈ ದುಡ್ಡು ಬಂದ್ರೆ ಬಿಟ್ಟೇ ಬಿಡ್ತೀನಿ, ಮನ್ಯಾಗೆ ಕುಂತು ಏನಾರ ಮಾಡ್ಕಂತೀನಿ. ಓಣ್ಯಾಗೆ ಎಲ್ರಿಗೂ ಬರ್ತೈತೆ. ನನಗೊಬ್ಬಳಿಗೇ ಯಾಕ ಇಲ್ಲ?"

ನಾನು ಅವಳ ಅರ್ಜಿ ತೆಗೆದು ನೋಡಿದೆ. ಆಧಾರ್ ಸರಿ, ಖಾತೆ ಸರಿ, ರೇಷನ್ ಕಾರ್ಡ್ ಸರಿ. ತಿರಸ್ಕಾರದ ಕಾರಣ: ಪತಿ ಜಿಎಸ್‌ಟಿ ಪಾವತಿದಾರರು.

ಓದಿ ಹೇಳಿದೆ. ಹಿಂದೆ ನಿಂತಿದ್ದ ಹಾಲಪ್ಪ ನಕ್ಕೇಬಿಟ್ಟ. ಅಗಲ ಭುಜದ, ಕಿವಿಯ ಹತ್ತಿರ ನರೆತ ಮನುಷ್ಯ.

"ನಾನಾ? ಮೇಡಮ್ಮಾರೆ, ಒಂದು ಬೀಡಿ ತಗಳಾಕೂ ಇವಳ್ನ ಕೇಳ್ಬೇಕು ನಾನು. ನಾನು ಸರಕಾರಕ್ಕೆ ಏನ್ ಕಟ್ಲಿ?"

"ಎಲ್ಲಾನ ಬ್ಯಾರೆ ಸಂಸಾರ ಇಟ್ಟೀಯೇನೋ ಮತ್ತೆ?" ಎಂದಳು ರೇಣುಕಮ್ಮ. ಬೆಂಚಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಇಂಥ ಮಿಸ್ಟೇಕ್‌ಗಳು ಆಗುತ್ತಿದ್ದವು. ಅದೇ ಹೆಸರಿನ ಇನ್ನೊಬ್ಬರ ದಾಖಲೆ ಸೇರಿಕೊಂಡಿರುವುದು, ಆಪರೇಟರ್ ಕೈತಪ್ಪಿ ಒತ್ತಿರುವುದು. ಒಂದು ಪತ್ರ ತಂದು ಕೊಟ್ಟರೆ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿ, ಮಾರನೆಯ ವಾರ ಇಬ್ಬರನ್ನೂ ದಾವಣಗೆರೆಯ ತೆರಿಗೆ ಕಚೇರಿಗೆ ಬರಹೇಳಿದೆ. ನಾನೂ ಹೋದೆ.

ಅಲ್ಲಿದ್ದ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ವೆರಿ ಪೊಲೈಟ್. ಹಾಲಪ್ಪನ ಪ್ಯಾನ್ ನಂಬರ್ ಹಾಕಿದಳು. ಅವನಿಗೆ ಪ್ಯಾನ್ ಕಾರ್ಡ್ ಇದ್ದದ್ದೇ ನನಗೆ ಆಶ್ಚರ್ಯ. "ಸಾಹುಕಾರ್ರೇ ಮಾಡಿಸಿಕೊಟ್ರು, ಬ್ಯಾಂಕಿಗೆ ಬೇಕು ಅಂದಿದ್ರು" ಎಂದ. ಹುಡುಗಿ ಒಂದು ಕ್ಷಣ ನೋಡಿ ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದಳು.

"ಮಿಸ್ಟೇಕ್ ಏನಿಲ್ಲ ಮೇಡಂ. ಇವರ ಹೆಸರಲ್ಲಿ ಒಂದು ಟ್ರೇಡಿಂಗ್ ಫರ್ಮ್ ಇದೆ. ಅಡುಗೆ ಎಣ್ಣೆ, ಒಣಮೆಣಸಿನಕಾಯಿ ಹೋಲ್‌ಸೇಲ್. ಕೋಟಿ ಮೇಲೆ ವಹಿವಾಟು. ಪ್ರೊಪ್ರೈಟರ್ ಫೋಟೋನೂ ಇದೆ. ಇವರೇ ಅಲ್ವಾ?"

ಫೋಟೋದಲ್ಲಿ ಹಾಲಪ್ಪನೇ. ಹಣೆ ತುಂಬ ವಿಭೂತಿ, ಅದರ ನಡುವೆ ಕುಂಕುಮ, ಹೆಗಲ ಮೇಲೆ ಹೊಸ ಟವೆಲ್, ಹಿಂದೆ ಚೆಂಡುಹೂವಿನ ಮಾಲೆ. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

ನಾನು ಬಾಗಿ ಮತ್ತೊಮ್ಮೆ ನೋಡಿದೆ. ಹಾಲಪ್ಪನಿಗೆ ಮಾತ್ರ ಖುಷಿ. "ಏ, ಇದು ದೀಪಾವಳಿ ಪೂಜಿ ಫೋಟೋ! ನೋಡೇ ಇವ್ಳೇ, ಎಷ್ಟು ಚಲೋ ಬಂದೈತೆ!" ಎಂದು ಹೆಂಡತಿಯ ತೋಳು ಹಿಡಿದು ಎಳೆದ.

ಅವನು ಹೇಳಿದ ಕಥೆ ಇಷ್ಟು. ಮಂಡಿಪೇಟೆಯ ಅಂಗಡಿಗಳಲ್ಲಿ ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀಪೂಜೆ ಮಾಡಿ ಹೊಸ ಲೆಕ್ಕ ಶುರುಮಾಡುತ್ತಾರೆ. ಅವನು ಕೆಲಸಕ್ಕಿದ್ದ ಅಂಗಡಿಯಲ್ಲಿ ಮೊದಲ ಗೆರೆಯನ್ನು ಸಾಹುಕಾರರು ಎಳೆಯುವುದಿಲ್ಲ. ಯಾರ ಕೈಗುಣ ಒಳ್ಳೆಯದೋ ಅಂಥವರಿಂದ ಎಳೆಸುತ್ತಾರೆ. ಹಾಲಪ್ಪನ ಅಪ್ಪನೂ ಅದೇ ಅಂಗಡಿಯ ಹಮಾಲಿ. ಅವನ ಕೈ ತಾಗಿದ ಮೇಲೆ ವ್ಯಾಪಾರ ಏರಿತು ಎಂದು ಆಗಿನ ದೊಡ್ಡ ಸಾಹುಕಾರರು ನಂಬಿದ್ದರಂತೆ. ಅಪ್ಪ ಹೋದ ಮೇಲೆ ಆ ಮರ್ಯಾದೆ ಮಗನಿಗೆ ಬಂತು. ಸ್ನಾನ ಮಾಡಿ ಹೊಸ ಬಟ್ಟೆ ಹಾಕಿಕೊಂಡು, ಮೂಟೆ ಹೊರುವ ದಿನಗಳಲ್ಲಿ ಬಳಸುವ ಹಿಂಬಾಗಿಲು ಬಿಟ್ಟು ಮುಂಬಾಗಿಲಿನಿಂದಲೇ ಒಳಗೆ ಹೋಗಿ, ಗಾದಿಯ ಪಕ್ಕ ಕೂತು ಅರಿಶಿನದಲ್ಲಿ ಶ್ರೀಕಾರ ಬರೆದು ಕೆಳಗೆ ಸಹಿ. ವರ್ಷಕ್ಕೊಂದು ಸಲ.

"ಹೋದ ಸಲದ ಹಿಂದಿನ ಸಲ ಸಾಹುಕಾರ್ರು ಅಂದ್ರು, ಹಾಲಪ್ಪ, ಈಗ ಬುಕ್ಕಿನ ಕಾಲ ಹೋತು, ಎಲ್ಲಾ ಕಂಪ್ಯೂಟರ್‌ನಾಗೇ ಐತೆ. ಅದ್ರಾಗೂ ನಿನ್ನ ಕೈಲೇ ಮೊದಲು ಆಗ್ಲಿ ಅಂದ್ರು. ಫೋಟೋ ಹೊಡದ್ರು. ನನ್ನ ಫೋನಿಗೆ ಒಂದು ನಂಬರ್ ಬಂತು. ಪೂಜಿ ತಟ್ಟಿ ಮುಂದೆ ನಿಂತು ಜೋರಾಗಿ ಹೇಳ್ದೆ. ಎಲ್ರೂ ಚಪ್ಪಾಳೆ ಹೊಡದ್ರು."

ಅವನು ಜೋರಾಗಿ ಹೇಳಿದ ಆ ನಂಬರ್ ಒಟಿಪಿ. ಅದರಿಂದಲೇ ಅವನು ಕಾಗದದ ಮೇಲೆ ವ್ಯಾಪಾರಿಯಾದ. ಸಾಹುಕಾರರು ತಮ್ಮ ಹೆಸರಿನ ಫರ್ಮನ್ನು ವಯಸ್ಸಾಯಿತು ಎಂದು ಮುಚ್ಚಿ, ಅದೇ ಅಂಗಡಿಯಲ್ಲಿ ಅದೇ ವ್ಯಾಪಾರವನ್ನು ಹಾಲಪ್ಪನ ಹೆಸರಿನಲ್ಲಿ ನಡೆಸುತ್ತಿದ್ದರು. ನಾಳೆ ತೆರಿಗೆ ಬಾಕಿ ಬಿದ್ದರೆ ನೋಟಿಸು ಬರುವುದು ಹರಿಹರದ ಆ ಒಂದು ಕೋಣೆಯ ಮನೆಗೆ. ಆ ಹುಡುಗಿ ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದಾಗ ಹಾಲಪ್ಪನ ಮುಖದ ನಗು ಒಮ್ಮೆಗೆ ಹೋಗಲಿಲ್ಲ. ಹೋಗಲು ದಾರಿ ಗೊತ್ತಾಗದೆ ಅಲ್ಲೇ ನಿಂತಿತ್ತು. ರೇಣುಕಮ್ಮ ಉಸಿರು ಎಳೆಯುತ್ತಾ ಗೋಡೆ ಹಿಡಿದುಕೊಂಡಳು.

ನಾನು ಸ್ಕ್ರೀನಿನಲ್ಲಿದ್ದ ಅಂಗಡಿಯ ಅಡ್ರೆಸ್ ಓದುತ್ತಿದ್ದೆ. ಓ ಮೈ ಗಾಡ್. ಆ ಅಂಗಡಿಯ ಗಾದಿಯ ಮೇಲೆ ಕೂತು ನಾನು ಎಷ್ಟು ಸಲ ಕಾಫಿ ಕುಡಿದಿಲ್ಲ? ಅದು ನನ್ನ ಶಶಿಯ ಗಂಡನ ಅಂಗಡಿ.

ಶಶಿಕಲಾ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಡೆಸ್ಕ್. ಕನ್ನಡ ಮಾತಾಡಿದ್ದಕ್ಕೆ ಸಿಸ್ಟರ್ ಕೈಯಲ್ಲಿ ಒಟ್ಟಿಗೆ ಸ್ಕೇಲಿನ ಏಟು ತಿಂದವರು. ನಾನು ಬ್ಯಾಂಕ್ ಪರೀಕ್ಷೆ ಬರೆದೆ. ಕ್ಲಾಸಿಗೆ ಫಸ್ಟ್ ಬರುತ್ತಿದ್ದ ಅವಳನ್ನು ಮಂಡಿಪೇಟೆಯ ದೊಡ್ಡ ಮನೆಗೆ ಕೊಟ್ಟರು. ಎರಡು ದಿನ ತಡೆದು ಅವಳ ಮನೆಗೆ ಹೋದೆ.

"ಏನೇ ವಿಮ್ಮಿ, ಸಂಡೇ ಬಿಟ್ಟು ಇವತ್ತು? ಬ್ಯಾಂಕಿನವರು ಡಿಸ್ಮಿಸ್ ಮಾಡಿದ್ರಾ?" ಎಂದು ನಗುತ್ತಲೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಹೇಗೆ ಶುರುಮಾಡಲಿ ಎಂದು ನಾನು ಒದ್ದಾಡುತ್ತಿದ್ದರೆ ಅವಳೇ ಫೋನು ತೆಗೆದಳು. "ನೋಡಿಲ್ಲಿ. ನಾನೂ ಈಗ ಅರ್ನಿಂಗ್ ವುಮನ್. ತಿಂಗಳಾ ತಿಂಗಳಾ ಎರಡು ಸಾವಿರ. ಗೃಹಲಕ್ಷ್ಮಿ!"

ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ವಾಪಸ್ ಇಟ್ಟೆ. ನನ್ನ ತಲೆಯಲ್ಲಿ ಎರಡೂ ತುದಿ ಒಮ್ಮೆಲೇ ಕೂಡಿಕೊಂಡವು. ಅವಳ ಗಂಡ ಕಾಗದದ ಮೇಲೆ ಯಾವ ವ್ಯಾಪಾರವೂ ಇಲ್ಲದವರು, ತೆರಿಗೆ ಕಟ್ಟದವರು. ಆದ್ದರಿಂದ ಅವಳು ಅರ್ಹಳು. ಹಾಲಪ್ಪ ಕೋಟಿ ವ್ಯಾಪಾರಿ. ಆದ್ದರಿಂದ ರೇಣುಕಮ್ಮ ಅನರ್ಹಳು. ಒಂದೇ ಪೂಜೆಯಲ್ಲಿ ಇಬ್ಬರು ಹೆಂಗಸರ ಜಾಗ ಅದಲುಬದಲಾಗಿತ್ತು.

"ಶಶಿ, ಹಾಲಪ್ಪನ ಹೆಸರಲ್ಲಿ ಅಂಗಡಿ ನಡೀತಿದೆ. ನಿನಗೆ ಗೊತ್ತಿದ್ಯಾ?"

ಇಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ಫೋನನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

"ಗೊತ್ತು ಕಣೆ. ಆರತಿ ತಟ್ಟೆ ಹಿಡ್ಕೊಂಡು ನಾನೇ ಪಕ್ಕದಲ್ಲಿ ನಿಂತಿದ್ದೆ. ಅದ್ರಲ್ಲೇನಿದೆ? ಮಂಡಿಪೇಟೆಲಿ ಎಲ್ಲರೂ ಮಾಡೋದೇ. ಅವನಿಗೇನು ಲಾಸ್? ಹಬ್ಬಕ್ಕೆ ಬಟ್ಟೆ ಕೊಡ್ತೀವಿ, ಕಾಯಿಲೆ ಬಿದ್ರೆ ನೋಡ್ಕೋತೀವಿ. ದೇ ಆರ್ ಲೈಕ್ ಫ್ಯಾಮಿಲಿ."

"ಅವನ ಹೆಂಡತಿಗೆ ಈ ದುಡ್ಡು ನಿಂತಿರೋದು ಅದರಿಂದಲೇ. ಅವಳು ಉಸಿರಾಡೋಕೆ ಆಗದೇ ಇನ್ನೂ ಭಟ್ಟಿಗೆ ಹೋಗ್ತಿದ್ದಾಳೆ."

ಇದು ಅವಳಿಗೆ ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯಿತು. "ಹಾಗಾದ್ರೆ ಅವಳಿಗೆ ನಾನೇ ಕೊಡ್ತೀನಿ, ತಿಂಗಳಾ ತಿಂಗಳಾ. ನನಗೆ ಬಂದಿದ್ದನ್ನ ಹಾಗೇ ಎತ್ತಿ ಕೊಡ್ತೀನಿ. ಕಂಪ್ಲೇಂಟ್ ಮಾತ್ರ ಬೇಡ ವಿಮ್ಮಿ, ಪ್ಲೀಸ್. ಇವರಿಗೆ ಈ ವಯಸ್ಸಲ್ಲಿ ಆಫೀಸು ಅಲೆಯೋ ಹಾಗಾಗಬಾರದು" ಎಂದಳು. ನಾನು ಎದ್ದು ಹೊರಟಾಗ ಬಾಗಿಲವರೆಗೆ ಬಂದು, ಕೆಳದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು. "ಈ ಮನೆಗೆ ಬಂದ ಮೇಲೆ ನನ್ನ ಹೆಸರಿಗೆ ಅಂತ ಬಂದ ದುಡ್ಡು ಇದೊಂದೇ ಕಣೆ. ಒಂದು ಹೇರ್‌ಪಿನ್ ತಗೊಂಡ್ರೂ ಬಿಲ್ ತೋರಿಸಬೇಕು ಇವರಿಗೆ."

ಅವಳ ಮನೆಯಲ್ಲಿ ಬೆಳ್ಳಿ ತಟ್ಟೆಯಲ್ಲಿ ಉಂಡಿದ್ದೇನೆ. ಇದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಕೂತಾಗ ಅಳು ಬಂತೋ ಸಿಟ್ಟು ಬಂತೋ ನನಗೇ ತಿಳಿಯದು.

ಶಶಿಯ ಮಾತನ್ನು ಮರುದಿನ ಸೆಂಟರಿನಲ್ಲಿ ಹಾಲಪ್ಪ, ರೇಣುಕಮ್ಮ ಇಬ್ಬರ ಮುಂದೆ ಇದ್ದ ಹಾಗೇ ಇಟ್ಟೆ. ನಿರ್ಧಾರ ಅವರದು. ತನಗೆ ತಿಳಿಯದೆ ತನ್ನ ಹೆಸರಿನಲ್ಲಿ ನೋಂದಣಿ ಆಗಿದೆ ಎಂದು ಹಾಲಪ್ಪನೇ ದೂರು ಕೊಟ್ಟರೆ ಮಾತ್ರ ತೆರಿಗೆ ಇಲಾಖೆ ವಿಚಾರಣೆ ಮಾಡಿ ಅದನ್ನು ರದ್ದುಮಾಡುತ್ತದೆ. ಆಗ ರೇಣುಕಮ್ಮನ ಹಣಕ್ಕೆ ದಾರಿ. ಆದರೆ ಆ ಅಂಗಡಿಯ ಕೆಲಸ ಹೋಗುವುದು ಖಂಡಿತ. ದೂರು ಬೇಡ ಎಂದರೆ ಶಶಿ ಕೊಡುವ ಹಣ.

ಹಾಲಪ್ಪ ತಲೆ ಎತ್ತಲಿಲ್ಲ. "ಅಮ್ಮಾರು ಕೊಡ್ತೀನಿ ಅಂದಾರಲ್ಲ. ಸಾಕು ಬಿಡ್ರಿ. ನಮ್ಮಪ್ಪನ ಕಾಲದಿಂದ ಅವರ ಅನ್ನ ತಿಂದೀವಿ."

"ನನಗೆ ಬ್ಯಾಡ," ಎಂದಳು ರೇಣುಕಮ್ಮ. "ತಿಂಗ್ಳಾ ತಿಂಗ್ಳಾ ಅವರ ಹಿತ್ಲ ಬಾಗ್ಲಾಗೆ ಹೋಗಿ ನಿಂದ್ರಬೇಕಾ? ನಿಂತ್ರೆ, ಹೆಂಗೂ ಬಂದೀಯಲ್ಲ, ಎರಡು ಪಾತ್ರಿ ತಿಕ್ಕು ಅಂತಾರೆ. ತಿಕ್ಕಿದ್ರೆ ಅದು ಕೂಲಿ ಆತು. ನಂದು ನನಗೆ ಬರ್ಬೇಕ್ರಿ ಮೇಡಮ್ಮಾರೆ. ನನ್ನ ಫೋನಿಗೆ ಬರ್ಬೇಕು." ಉಸಿರು ಎಳೆದುಕೊಂಡು ಗಂಡನ ಕಡೆ ತಿರುಗಿದಳು. "ಏನ್ ಕೈಗುಣನೋ ನಿಂದು! ಸಾಹುಕಾರ್ರ ಮನಿಗೆ ಲಕ್ಷ್ಮಿ ಕರದು ಕೊಟ್ಟಿ, ಕಟ್ಕೊಂಡೋಳಿಗೆ ಬರಾ ಎರಡು ಸಾವಿರನೂ ಓಡಿಸ್ದಿ."

ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ. ಹಾಲಪ್ಪ ಎದ್ದು, "ಒಂದು ಮಾತು ಸಾಹುಕಾರ್ರನ್ನ ಕೇಳಿ ಬರ್ತೀನಿ. ಬಾಯಿ ಬಿಟ್ಟು ಕೇಳಿದ್ರೆ ಅವರು ನನ್ನ ಕೈ ಬಿಡಲ್ಲ" ಎಂದು ಹೋದ.

ವಾರದ ಕೊನೆಗೆ ಒಬ್ಬನೇ ಬಂದ. ಕೂರು ಎಂದರೂ ಕೂರಲಿಲ್ಲ.

"ಕೇಳಿದ್ನ್ರಿ. ಸಾಹುಕಾರ್ರು ಸಿಟ್ಟು ಮಾಡ್ಲಿಲ್ಲ. ಟೀ ತರ್ಸಿದ್ರು. ನೀನು ಯಾಕ ಇಷ್ಟು ಮನಸ್ಸಿಗೆ ಹಚ್ಕಂತೀಯೋ ಹಾಲಪ್ಪ, ನಿನ್ನ ಒಬ್ಬನ ಹೆಸರಾಗೆ ಅಲ್ಲ, ನಿನ್ನ ಜೋಡಿ ಮೂಟಿ ಹೊರೋ ಬಸ್ಯಾನ ಹೆಸರಾಗೂ ಒಂದು ಐತೆ, ಆ ಕುಂಟ ನಾಗ್ಯಾನ ಹೆಸರಾಗೂ ಐತೆ, ಅವರೇನಾರ ಕೇಳಿದ್ರಾ ಅಂದ್ರು." ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಂಡಿದ. "ಬಸ್ಯಾನ್ನ ಹಿಡಿದು ಕೇಳ್ದೆ. ಅವನಿಗೂ ನಿನ್ನ ಕೈ ಚಲೋ ಐತೆ ಅಂದಾರಂತೆ. ಅಮಾಸಿ ಮುಂದಿನ ದಿನ ಕರೆಸಿ, ಬ್ಯಾರೆ ಪೂಜಿ ಮಾಡಿಸ್ಯಾರೆ. ಹಾಲಪ್ಪಗೆ ಹೇಳ್ಬ್ಯಾಡ, ಬೇಜಾರ ಮಾಡ್ಕಂತಾನೆ ಅಂದಾರಂತೆ. ಮೇಡಮ್ಮಾರೆ, ಬಸ್ಯಾನ ಕೈ! ಅವನು ಎತ್ತಿದ ಎಣ್ಣಿ ಡಬ್ಬಿ ಒಂದಾರ ಸೋರದೆ ಮುಟ್ಟೈತಾ?"

ಕೋಟಿ ವಹಿವಾಟು, ನೋಟಿಸು, ಹೆಂಡತಿಯ ಉಬ್ಬಸ, ಇವು ಯಾವುವೂ ಅವನನ್ನು ಅಲುಗಿಸಿರಲಿಲ್ಲ. ಅಪ್ಪನಿಂದ ಬಂದ ಒಂದೇ ಒಂದು ಆಸ್ತಿ ಸುಳ್ಳು ಎಂದು ಗೊತ್ತಾದಾಗ ಆ ದೊಡ್ಡ ಭುಜಗಳು ಕುಸಿದವು. "ಎಲ್ಲಿ ಸಹಿ ಹಾಕ್ಬೇಕು ತೋರಿಸ್ರಿ" ಎಂದ.

ವಿಚಾರಣೆ ತಿಂಗಳುಗಟ್ಟಲೆ ಎಳೆಯಿತು. ಹಾಲಪ್ಪ ಎಷ್ಟೋ ಸಲ ತೆರಿಗೆ ಕಚೇರಿಯ ಬೆಂಚಿನ ಮೇಲೆ ಕೂತು ಕೂಲಿ ಕಳೆದುಕೊಂಡ. ಅಂಗಡಿಯ ಕೆಲಸ ಮೊದಲ ದಿನವೇ ಹೋಯಿತು. ಉಳಿದ ಅಂಗಡಿಗಳವರೂ ಅವನನ್ನು ಕಂಡರೆ ಮುಖ ತಿರುಗಿಸಿದರು. ಕೊನೆಗೆ ಹರಿಹರದಲ್ಲೇ ಒಂದು ಗೊಬ್ಬರದ ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಬಸ್ಯಾ, ನಾಗ್ಯಾ ದೂರು ಕೊಡಲಿಲ್ಲ. ಕೊಡಿ ಎಂದು ನಾನು ಅವರಿಗೆ ಹೇಳಿಕಳಿಸಿದ್ದಕ್ಕೆ ಉತ್ತರವೂ ಬರಲಿಲ್ಲ. ಸಾಹುಕಾರರು ದಂಡ ಕಟ್ಟಿ, ಎಣ್ಣೆ ವ್ಯಾಪಾರವನ್ನು ಮತ್ತೆ ತಮ್ಮ ಹೆಸರಿಗೇ ಮಾಡಿಸಿಕೊಂಡರು. ಹಾಲಪ್ಪನ ಹೆಸರಿನ ಫರ್ಮ್ ರದ್ದಾಯಿತು. ಅದಾದ ಮೇಲೂ ಕಾದು ಕಾದು, ಒಂದು ದಿನ ರೇಣುಕಮ್ಮನ ಫೋನಿಗೆ ಮೆಸೇಜು ಬಂತು. ಆ ವಾರವೇ ಅವಳು ಭಟ್ಟಿ ಬಿಟ್ಟಳು. ಮನೆಯ ಮುಂದೆ ಚೌಕಾಸಿ ಮಾಡುತ್ತಾ ಸೊಪ್ಪು ಮಾರುತ್ತಿದ್ದಳು. ಮಾತಾಡುವಾಗ ಈಗ ನಡುವೆ ನಿಲ್ಲುತ್ತಿರಲಿಲ್ಲ, ಬೈಗುಳವೂ ಒಂದೇ ಉಸಿರಿಗೆ.

ಬ್ಯಾಂಕಿನಲ್ಲಿ ಅಷ್ಟು ವರ್ಷ ಕಲಿಯದ ಒಂದು ವಿಷಯವನ್ನು ಈ ಕೇಸು ನನಗೆ ಕಲಿಸಿತು. ನಿಯಮ ಎಷ್ಟೇ ನ್ಯಾಯವಾಗಿರಲಿ, ಅದು ನೋಡುವುದು ಹೆಸರನ್ನು. ಆ ಹೆಸರಿನ ಹಿಂದೆ ನಿಂತಿರುವವರು ಯಾರು ಎಂದು ನೋಡಬೇಕಾದವರು ಕೌಂಟರಿನಲ್ಲಿ ಕೂತ ನಾವು. ಅದಾದ ಮೇಲೆ ಯಾರದೇ ಅರ್ಜಿ ತಿರಸ್ಕೃತವಾಗಿ ಬಂದರೂ ನಾನು ಕಾರಣ ಓದಿ ಹೇಳಿ ಕಳಿಸುತ್ತಿರಲಿಲ್ಲ. ಕೂರಿಸಿ ಮಾತಾಡಿಸುತ್ತಿದ್ದೆ.

ಶಶಿ ನನ್ನ ಫೋನು ಎತ್ತುವುದನ್ನು ನಿಲ್ಲಿಸಿದ್ದಳು. ಬರ್ತ್‌ಡೇಗೆ ಕಳಿಸಿದ ಮೆಸೇಜಿಗೂ ರಿಪ್ಲೈ ಇಲ್ಲ. ಬದುಕಿಡೀ ಇದ್ದ ಸ್ನೇಹ ಹೀಗೇ ಮುಗಿಯಿತು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವಳು ಹರಿಹರದ ನಮ್ಮ ಸೆಂಟರಿಗೆ ಬಂದಳು. ಕಾರಿಲ್ಲ, ಜೊತೆಗೆ ಯಾರಿಲ್ಲ. ಬಸ್ಸಿನಲ್ಲಿ ಬಂದಿದ್ದಳು, ಸೀರೆಯ ಅಂಚೆಲ್ಲ ಧೂಳು. ನಾನು ಎದ್ದು ಒಳಗೆ ಕರೆದರೂ ಬರದೆ, ಉಳಿದ ಹೆಂಗಸರ ಜೊತೆ ಬೆಂಚಿನಲ್ಲಿ ಕೂತು ಸರದಿ ಕಾದಳು. ತನ್ನ ಸರದಿ ಬಂದಾಗ ಆಧಾರ್ ಕಾರ್ಡನ್ನು ನನ್ನ ಮುಂದೆ ಇಟ್ಟಳು.

"ನಂದು ನಿಂತಿದೆ. ಚೆಕ್ ಮಾಡು."

"ಶಶಿ, ಯಾಕೆ ಅಂತ ನಿನಗೆ ಗೊತ್ತಲ್ಲ. ಈಗ ಅಂಗಡಿ ಅವರ ಹೆಸರಲ್ಲೇ ಇದೆ."

"ಗೊತ್ತು. ಇನ್ನು ಬರೋದೇ ಇಲ್ವಾ?"

"ಅವರು ವ್ಯಾಪಾರ ಮಾಡೋವರೆಗೆ ಇಲ್ಲ."

ಅವಳು ಮುಂದಕ್ಕೆ ಬಾಗಿದಳು. ಶಾಲೆಯಲ್ಲಿ ಸಿಸ್ಟರ್‌ಗೆ ಕೇಳಿಸದಂತೆ ಉತ್ತರ ಕೇಳುತ್ತಿದ್ದ ಅದೇ ಪಿಸುದನಿ.

"ಇವರು ಹೋದ ಮೇಲೆ?"

ನಾನು ಅವಳ ಮುಖ ನೋಡಿದೆ. ಅವಳ ಕಣ್ಣಲ್ಲಿ ಕೋಪ ಇರಲಿಲ್ಲ, ನೀರೂ ಇರಲಿಲ್ಲ. ಅಲ್ಲಿ ಬರುವ ಎಲ್ಲ ಹೆಂಗಸರ ಹಾಗೆ ನಿಯಮ ತಿಳಿದುಕೊಳ್ಳಲು ಬಂದಿದ್ದಳು.

"ಬರುತ್ತೆ," ಎಂದೆ. "ಆಗ ಮತ್ತೆ ಅರ್ಜಿ ಹಾಕಬಹುದು."

"ಥ್ಯಾಂಕ್ಸ್," ಎಂದು ಆಧಾರ್ ಕಾರ್ಡನ್ನು ಪರ್ಸಿನೊಳಗೆ ಜೋಪಾನವಾಗಿ ಸೇರಿಸಿದಳು. ಮೆಟ್ಟಿಲಿಳಿದು, ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ಹಣ್ಣಿನ ಗಾಡಿಯವನನ್ನು ಕೇಳಿ, ಅವನು ಕೈ ತೋರಿಸಿದ ದಿಕ್ಕಿಗೆ ನಡೆದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.